ಮುಂದಿನ ಹೆಜ್ಜೆ

ಸಿರವಾರ, ಮಾನ್ವಿ, ದೇವದುರ್ಗದ ಕಡೆಯ ಮಕ್ಕಳು ಇಂದು ದೂರದ ಊರುಗಳಲ್ಲಿ ದುಡಿಯುತ್ತಾರೆ. ಪರದೇಶದಲ್ಲಿ ಇಂಗ್ಲಿಷ್ ಕಲಿಸುವ ಮಗಳು ಫೋನ್ ಮಾಡಿದರೆ ಮನೆಯವರು ಕೇಳುವುದು ಒಂದೇ ಮಾತು: "ಮುಂದ ಏನ್ ಮಾಡ್ತೀಯವ್ವಾ?" ಅಲ್ಲೇ ಇರಬೇಕೇ, ಊರಿಗೆ ಮರಳಬೇಕೇ, ಬೇರೆ ಓದು ಹಿಡಿಯಬೇಕೇ? ಆಕೆಗೂ ಉತ್ತರ ತಟ್ಟನೆ ಹೊಳೆಯುವುದಿಲ್ಲ.

ಇಂಥ ತಿರುವಿನಲ್ಲಿ ಕವಿ, ಅನುವಾದಕ ಎ.ಕೆ. ರಾಮಾನುಜನ್ ನೆನಪಾಗುತ್ತಾರೆ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಕೊಲ್ಲಂ, ಬೆಳಗಾವಿ, ಬರೋಡಾಗಳಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಬದುಕು ಒಂದು ನೆಲೆಗೆ ಬಂದಿತ್ತು. ಆದರೂ ಮೂವತ್ತರ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದರು. 1959ರಲ್ಲಿ ಅಮೆರಿಕದ ಇಂಡಿಯಾನಾಕ್ಕೆ ಹೋಗಿ ಭಾಷಾವಿಜ್ಞಾನ ಓದಿದರು. 1962ರಲ್ಲಿ ಶಿಕಾಗೊ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರ ಕೈಹಿಡಿದದ್ದು ಚಿಕ್ಕಂದಿನಿಂದ ಜೊತೆಗಿದ್ದ ಕನ್ನಡ, ತಮಿಳು. 1973ರಲ್ಲಿ ಅವರ ಅನುವಾದದಿಂದ ನಮ್ಮ ಶರಣರ ವಚನಗಳು ಜಗತ್ತಿನ ಓದುಗರನ್ನು ತಲುಪಿದವು.

ಒಳಗಿರುವುದನ್ನು ಮೊದಲು ನೋಡುವ ಈ ರೀತಿ ನಮ್ಮ ರೈತರಿಗೂ ಗೊತ್ತು: ಬಿತ್ತುವ ಮೊದಲು ಹೊಲದ ಮಣ್ಣು ಎರೆಯೋ ಮಸಾರಿಯೋ ನೋಡುತ್ತಾರೆ. ಪೇಟೆಯ ದರ ಆಮೇಲಿನ ಮಾತು. ವೃತ್ತಿಗೂ ಇದು ಸಲ್ಲುತ್ತದೆ. ಎಲ್ಲಿ ಸಂಬಳ ಹೆಚ್ಚು ಎಂದು ಕೇಳುವುದು ತಪ್ಪಲ್ಲ. ಅದಕ್ಕೂ ಮೊದಲು, ನನ್ನೊಳಗೆ ಏನು ಚೆನ್ನಾಗಿ ಬೆಳೆಯುತ್ತದೆ ಎಂದು ಕೇಳಿಕೊಳ್ಳಬೇಕು. ಕಲಿಸುವವರು ಮತ್ತೆ ಕಲಿಯಲು ಕೂತರೆ ಅದು ಹಿನ್ನಡೆಯಲ್ಲ. ಇದುವರೆಗಿನ ಅನುಭವವೂ ವ್ಯರ್ಥವಾಗುವುದಿಲ್ಲ. ಹೆಜ್ಜೆ ಯಾವ ಊರಿನ ಕಡೆಗಾದರೂ ಇರಲಿ, ನಮ್ಮ ಗುಣಕ್ಕೆ ಒಪ್ಪುವಂತಿರಲಿ. ಮನೆಯವರು ಅದಕ್ಕೆ ಬೇಕಾದಷ್ಟು ಸಮಯ ಕೊಡಲಿ.