ಹಗುರ ಗಾಡಿ, ಭಾರದ ಟ್ಯಾಂಕು



ಮಕ್ಕಳಿಗೆ ವಿಜ್ಞಾನದ ಒಂದು ವಿಷಯ ಹೇಳು ಎಂದು ಸಮಿತಿಯವರ ಅಪ್ಪಣೆ. ಟ್ಯಾಂಕ್ ಹೊಡೆಯುವ ಹಗುರ ವಾಹನದ ಬಗ್ಗೆ ಹೇಳುತ್ತೇನೆ. ಟ್ಯಾಂಕು ನಮ್ಮ ಭಾಗಕ್ಕೆ ಹೊಸದೇನಲ್ಲ. ಪ್ರತಿ ಸೆಪ್ಟೆಂಬರ್ 17ರಂದು ಈ ಮೈದಾನದಲ್ಲಿ ಧ್ವಜ ಹಾರಿಸುತ್ತೇವಲ್ಲ, ಆ ದಿನ ಬಂದದ್ದೇ ಟ್ಯಾಂಕುಗಳ ಹಿಂದೆ. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಪಡೆ ಸೊಲ್ಲಾಪುರದಿಂದ ಹೊರಟು ನಳದುರ್ಗ, ಉಮರ್ಗಾ ಹಾದಿಯಾಗಿ, ಅಂದರೆ ನಮ್ಮ ಆಳಂದದ ಉತ್ತರಕ್ಕೆ, ಹೈದರಾಬಾದಿನ ಕಡೆ ನಡೆಯಿತು. ಐದು ದಿನಕ್ಕೆ ಎಲ್ಲ ಮುಗಿಯಿತು.

ಅದೇ ಚೌಧುರಿಯವರು 1965ರಲ್ಲಿ ಭೂಸೇನೆಯ ಮುಖ್ಯಸ್ಥರು. ಈ ಸಲ ಟ್ಯಾಂಕುಗಳು ಎದುರಿನಿಂದ ಬಂದವು. ಪಂಜಾಬಿನ ಖೇಮಕರಣ ಬಳಿಯ ಕಬ್ಬಿನ ಹೊಲಗಳಲ್ಲಿ 4ನೇ ಗ್ರೆನೇಡಿಯರ್ಸ್‌ನ ಹವಾಲ್ದಾರ್ ಅಬ್ದುಲ್ ಹಮೀದ್ ಜೀಪಿನ ಮೇಲೊಂದು ತೋಪು ಇಟ್ಟುಕೊಂಡು ಕಾದಿದ್ದರು. ಪ್ಯಾಟನ್ ಟ್ಯಾಂಕು ಸುಮಾರು 45 ಟನ್. ಜೀಪಿಗೆ ರಕ್ಷಾಕವಚವೇ ಇಲ್ಲ.

ಅಷ್ಟು ದೊಡ್ಡ ತೋಪು ಹಾರಿಸಿದರೆ ಜೀಪು ಪಲ್ಟಿ ಹೊಡೆಯಬೇಕಲ್ಲ? ಹೊಡೆಯುವುದಿಲ್ಲ. ನ್ಯೂಟನ್ನರ ಮೂರನೇ ನಿಯಮ ನೆನಪಿಸಿಕೊಳ್ಳಿ. ಗುಂಡು ಮುಂದೆ ಹೋಗುವಾಗ ಬಿಸಿ ಅನಿಲವನ್ನು ಹಿಂದಿನ ರಂಧ್ರಗಳಿಂದ ಹೊರಬಿಡುತ್ತಾರೆ. ಎರಡೂ ಸರಿದೂಗಿ ಹಿಂದೊದೆತ ಇಲ್ಲವಾಗುತ್ತದೆ. ಅದಕ್ಕೇ 'ರಿಕಾಯಿಲ್‌ಲೆಸ್' ಅನ್ನುವುದು. (ಹೆಸರಿಗೆ 106 ಮಿ.ಮೀ., ನಿಜಕ್ಕೆ 105. ಹಳೆಯ ತೋಪಿನ ಗುಂಡಿನ ಜೊತೆ ಗೊಂದಲ ಆಗಬಾರದೆಂದು ಅಮೆರಿಕನ್ನರು ಒಂದು ಕೂಡಿಸಿದರು. ನಮ್ಮ ಸಾಫ್ಟ್‌ವೇರ್ ಮಂದಿಯೂ ಹೀಗೇ ಮಾಡುತ್ತೇವೆ.) ಆದರೆ ಆ ಅನಿಲ ಹಿಂದೆ ಧೂಳೆಬ್ಬಿಸಿ ಜಾಗ ತೋರಿಸಿಕೊಡುತ್ತದೆ. ಹೊಡೆದ ಕೂಡಲೇ ಜಾಗ ಬದಲಿಸಬೇಕು. ಹಮೀದರು ಹಾಗೇ ಮಾಡುತ್ತ ಒಂದರ ಹಿಂದೊಂದು ಟ್ಯಾಂಕು ಕೆಡವಿದರು. ಸೆಪ್ಟೆಂಬರ್ 10ರಂದು ಒಂದು ಟ್ಯಾಂಕೂ ಅವರೂ ಎದುರುಬದುರಾದಾಗ ಅಸುನೀಗಿದರು. ಮರಣೋತ್ತರ ಪರಮವೀರ ಚಕ್ರ ಬಂತು.

ಹೊಡೆದವನು ಅಲ್ಲೇ ಇರಬೇಕಾಗಿರಲಿಲ್ಲ ಎನ್ನುವುದೇ ಮುಂದಿನ ಇಂಜಿನಿಯರುಗಳ ಚಿಂತೆ. 1983ರಲ್ಲಿ ಕಲಾಂ ಅವರ ಮುಂದಾಳತ್ವದಲ್ಲಿ ಹೈದರಾಬಾದಿನಲ್ಲಿ ಶುರುವಾದ ಐದು ಕ್ಷಿಪಣಿಗಳ ಯೋಜನೆಯಲ್ಲಿ 'ನಾಗ್' ಒಂದು. ಗುರಿಯ ಶಾಖದ ಚಿತ್ರವನ್ನು ಮೊದಲೇ ಹಿಡಿದುಕೊಂಡು ಹೊರಡುತ್ತದೆ, ತಾನೇ ದಾರಿ ನೋಡಿಕೊಳ್ಳುತ್ತದೆ, ಕವಚ ತೆಳುವಿರುವ ನೆತ್ತಿಯ ಮೇಲೆ ಬೀಳುತ್ತದೆ. ಅದನ್ನು ಹೊರುವ 'ನಾಮಿಕಾ' ಗಾಡಿ ಬಿಎಂಪಿ-2 ಆಧಾರದ್ದು, ಟ್ಯಾಂಕಿನ ಮುಂದೆ ಹಗುರ. ಆರು ಕ್ಷಿಪಣಿ ಹಾರಲು ಸಿದ್ಧ, ಒಳಗೆ ಇನ್ನಾರು.

ತೊಡಕು ಬಂದದ್ದು ಬಿಸಿಲಿನಲ್ಲಿ. ಚಿತ್ರ ಗುರುತಿಸುವ ಸಾಫ್ಟ್‌ವೇರ್ ಬರೆಯುವವನಾದ್ದರಿಂದ ನನಗೆ ಇದೇ ಭಾಳ ರುಚಿಯ ಭಾಗ. (ಸೇನೆಯ ಕೆಲಸ ನಾನು ಮಾಡಿಲ್ಲ.) ಶಾಖದ ಕ್ಯಾಮೆರಾಕ್ಕೆ ಕಾಣುವುದು ಬಿಸಿ ಅಲ್ಲ, ಬಿಸಿಯಲ್ಲಿನ ವ್ಯತ್ಯಾಸ. ಮೇ ತಿಂಗಳ ಮಧ್ಯಾಹ್ನ ನಮ್ಮ ಅಂಗಳದ ಶಹಾಬಾದ್ ಕಲ್ಲು, ಹೊರಗೆ ನಿಂತ ಟ್ರ್ಯಾಕ್ಟರು, ಎರಡನ್ನೂ ಮುಟ್ಟಿ ನೋಡಿ; ಕೈಗೆ ಒಂದೇ ಚುರುಕು. ರಾಜಸ್ಥಾನದ ಮರಳಿನಲ್ಲೂ ಹಾಗೇ: ಮರಳು, ಟ್ಯಾಂಕು ಎರಡೂ ಒಂದೇ ಬಣ್ಣವಾಗಿ ಕ್ಷಿಪಣಿಯ ಕಣ್ಣಿಗೆ ದೂರದ ಗುರಿ ಮಾಯವಾಗುತ್ತಿತ್ತು. ಹೆಚ್ಚು ಸೂಕ್ಷ್ಮವಾದ ಕಣ್ಣು ಕೂಡಿಸಿ ನಾಲ್ಕು ಕಿಲೋಮೀಟರ್ ದೂರಕ್ಕೆ ಮುಟ್ಟಿಸಲು ವರ್ಷಗಳೇ ಹಿಡಿದವು. 2019ರ ಜುಲೈನಲ್ಲಿ ಪೋಖ್ರಾನ್ ಬಿಸಿಲಲ್ಲೇ ಪರೀಕ್ಷೆ, 2020ರ ಅಕ್ಟೋಬರ್ 22ರಂದು ಸಿಡಿತಲೆ ಸಮೇತ ಕೊನೆಯ ಪರೀಕ್ಷೆ.

1983ರಿಂದ 2020, ಮೂವತ್ತೇಳು ವರ್ಷ. ನಮ್ಮ ಶಾಲೆಯ ಆಯುಷ್ಯದ ಮುಕ್ಕಾಲು ಪಾಲು. ಚಪ್ಪಾಳೆ ತಟ್ಟುವುದಾದರೆ ಕೆಲಸಕ್ಕೆ ತಟ್ಟೋಣ, ಈ ವಿಳಂಬಕ್ಕಲ್ಲ. ಅಷ್ಟು ದಿನ ನಮ್ಮ ಜವಾನರು ಪರದೇಶದ ವಿನ್ಯಾಸದ ಮಿಲಾನ್, ಕೊಂಕುರ್ಸ್ ಕ್ಷಿಪಣಿ ಹಿಡಿದು, ಅದು ಗುರಿ ಮುಟ್ಟುವವರೆಗೂ ದುರ್ಬೀನಿನಿಂದ ಕಣ್ಣು ತೆಗೆಯದೆ ಗಡಿಯಲ್ಲಿ ಕೂರಬೇಕಾಯಿತು. ನಾಮಿಕಾಕ್ಕೆ ರಕ್ಷಣಾ ಸಚಿವಾಲಯ ಸುಮಾರು 1,800 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿದ್ದು 2025ರ ಮಾರ್ಚ್‌ನಲ್ಲಿ.