ಠಾಣೆಯ ಗೋಡೆಯ ಮೇಲಿನ ಹೆಸರು

(ಮಧುಗಿರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸವೆಂದರೆ ಕಾವ್ಯ, ಶಾಸನ, ಜಾನಪದದ ಮಾತು ಎನ್ನುವುದು ನಮ್ಮ ರೂಢಿ. ನಾನು ಪೊಲೀಸ್ ಠಾಣೆಯ ದಾಖಲೆಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಸಂತೋಷದಿಂದ ಒಪ್ಪಿದರು. ಅವರಿಗೆ ನಾನು ಋಣಿ. ಈ ವಿಷಯ ನನ್ನನ್ನು ಹಿಡಿದದ್ದು ಕಾನೂನಿನ ಪುಸ್ತಕ ಓದುವಾಗ ಅಲ್ಲ. ಒಂದು ಬುತ್ತಿಗಂಟನ್ನು ನೋಡಿದಾಗ.

ಕೆಲವು ವರ್ಷಗಳ ಹಿಂದೆ ವಕೀಲಿಯ ಕೆಲಸದ ಮೇಲೆ ಗಡಿಭಾಗದ ಒಂದು ಠಾಣೆಗೆ ಹೋಗಿದ್ದೆ. ಎದುರಿನ ಹೊಂಗೆಮರದ ಕೆಳಗೆ ಒಬ್ಬ ತಾಯಿ ಕೂತಿದ್ದರು. ಮಡಿಲಲ್ಲಿ ಬಟ್ಟೆಯಲ್ಲಿ ಕಟ್ಟಿದ ರಾಗಿಮುದ್ದೆ, ಪಕ್ಕದಲ್ಲಿ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹುರುಳಿಸಾರು. ಹಿಂದಿನ ಸಂಜೆ ಮಗನನ್ನು ‘ವಿಚಾರಣೆಗೆ’ ಎಂದು ಕರೆದುಕೊಂಡು ಹೋಗಿದ್ದರು. ಬೆಳಿಗ್ಗೆಯಿಂದ ಮೂರು ಸಲ ಕೇಳಿದರೂ ಒಳಗಿನಿಂದ ಬಂದದ್ದು ಒಂದೇ ಮಾತು: “ಇಲ್ಲಿ ಯಾರೂ ಇಲ್ಲಮ್ಮ, ಊರಿಗೆ ಹೋಗು.” ಆಕೆ ತೆಲುಗು ಬೆರೆತ ಕನ್ನಡದಲ್ಲಿ ನನ್ನನ್ನು ಕೇಳಿದರು: “ಸಾಮಿ, ನನ್ ಮಗ ಒಳಗವ್ನೋ ಇಲ್ವೋ, ಅಷ್ಟು ಹೇಳಿದ್ರೆ ಸಾಕು. ಇದ್ರೆ ಊಟ ಕೊಟ್ಟು ಹೋಗ್ತೀನಿ. ಇಲ್ದಿದ್ರೆ ಹುಡುಕ್ತೀನಿ.”

ಮಗ ಒಳಗೇ ಇದ್ದ. ಅದು ತಿಳಿಯುವ ಹೊತ್ತಿಗೆ ಸಂಜೆಯಾಗಿತ್ತು, ಮುದ್ದೆ ಒಣಗಿ ಬಿರುಕು ಬಿಟ್ಟಿತ್ತು. ಆತ ತಪ್ಪು ಮಾಡಿದ್ದನೋ ಇಲ್ಲವೋ, ಆ ತಾಯಿಯ ಪ್ರಶ್ನೆ ಅದಾಗಿರಲಿಲ್ಲ. ನಮ್ಮ ಕಡೆ ಒಂದು ಮೂಟೆ ಕಡಲೆಕಾಯಿ ಮಂಡಿಗೆ ಹಾಕಿದರೂ ಕೈಗೊಂದು ಚೀಟಿ ಕೊಡುತ್ತಾರೆ. ಮನೆಯ ಮಗನನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡಾಗ ಚೀಟಿ ಬೇಡವೇ? ಇವತ್ತಿನ ನನ್ನ ಮಾತೆಲ್ಲ ಆ ಚೀಟಿಯ ಬಗ್ಗೆ.

ಬೆಟ್ಟದ ಮೇಲಿನ ಸೆರೆ

ಬಂಧನಕ್ಕೆ ನಮ್ಮ ಠಾಣೆ, ಕೋರ್ಟುಗಳಲ್ಲಿ ಇವತ್ತಿಗೂ ಬಳಕೆಯಲ್ಲಿರುವ ಮಾತು ‘ದಸ್ತಗಿರಿ’. ಪಾರಸಿಯಲ್ಲಿ ‘ದಸ್ತ್’ ಎಂದರೆ ಕೈ. ಕೈ ಹಿಡಿಯುವುದೇ ದಸ್ತಗಿರಿ. 1687ರಿಂದ ಸುಮಾರು ಎಪ್ಪತ್ತು ವರ್ಷ ಮೊಗಲರ ಸುಬಾದ ರಾಜಧಾನಿಯಾಗಿದ್ದ ಶಿರಾದ ಜನಕ್ಕೆ ಪಾರಸಿ ಕಚೇರಿಯ ಪದಗಳು ಹೊಸವಲ್ಲ. ಹಿಡಿದ ಕೈ ಯಾರದು ಎಂದು ಕೇಳುವ ಹಕ್ಕು ಮಾತ್ರ ಆಗ ಪ್ರಜೆಗೆ ಇರಲಿಲ್ಲ.

ಈ ಸಭಾಂಗಣದಿಂದ ಹೊರಗೆ ಬಂದರೆ ಕಾಣುವ ಏಕಶಿಲಾ ಬೆಟ್ಟವನ್ನೇ ನೋಡಿ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ, ಕೆಳದಿಯ ರಾಣಿ ವೀರಮ್ಮಾಜಿಯನ್ನು ಈ ಕೋಟೆಯಲ್ಲಿ ಸೆರೆಯಿಟ್ಟ. 1767ರಲ್ಲಿ ಮರಾಠರು ಕೋಟೆ ಹಿಡಿದ ಮೇಲಷ್ಟೇ ಬಿಡುಗಡೆ. ಹೊರಬಂದ ರಾಣಿ ಪುಣೆಯ ಹಾದಿಯಲ್ಲೇ ತೀರಿಕೊಂಡರು. ಒಂದು ರಾಜ್ಯವನ್ನು ಆಳಿದವರ ಗತಿಯೇ ಹೀಗಾದರೆ ಹೊಲಗೇರಿಯ, ಹಟ್ಟಿಯ ಬಡವನ ಸೆರೆಗೆ ಲೆಕ್ಕ ಕೇಳುವವರು ಯಾರು? ಸೆರೆ ಹಿಡಿದವನು ಯಾರಿಗೂ ಲೆಕ್ಕ ಕೊಡಬೇಕಿಲ್ಲದ ಕಾಲ ಅದು. ಲೆಕ್ಕ ಕೇಳುವುದನ್ನು ಮೂಲಭೂತ ಹಕ್ಕಾಗಿಸಿದ್ದು ನಮ್ಮ ಸಂವಿಧಾನದ 22ನೇ ವಿಧಿ. ಬಂಧನದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ಒಂದು ಪತ್ರದಿಂದ ಬಂದ ಹಲಗೆ

ಸಂವಿಧಾನ ಬಂದ ಮೇಲೂ ಲಾಕಪ್ ಸಾವುಗಳು ನಿಲ್ಲಲಿಲ್ಲ. 1986ರ ಆಗಸ್ಟ್‌ನಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು ಅವರು ಪತ್ರಿಕೆಗಳಲ್ಲಿ ಬಂದ ಲಾಕಪ್ ಸಾವಿನ ಸುದ್ದಿಗಳನ್ನು ಮುಂದಿಟ್ಟು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ರಿಟ್ ಅರ್ಜಿಯಾಗಿ ಸ್ವೀಕರಿಸಿತು. 1996ರ ಡಿಸೆಂಬರ್ 18ರ ತೀರ್ಪು 11 ಸೂಚನೆಗಳನ್ನು ಕೊಟ್ಟಿತು. ಬಂಧಿಸುವವರ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು; ಸ್ಥಳದಲ್ಲೇ ಅರೆಸ್ಟ್ ಮೆಮೊ ಬರೆಯಬೇಕು; ಮನೆಯವರಿಗೆ ತಿಳಿಸಬೇಕು; ಪ್ರತಿ 48 ಗಂಟೆಗೆ ವೈದ್ಯಕೀಯ ತಪಾಸಣೆ ಆಗಬೇಕು; 12 ಗಂಟೆಯೊಳಗೆ ಕಂಟ್ರೋಲ್ ರೂಮಿಗೆ ಮಾಹಿತಿ ತಲುಪಿ, ಅಲ್ಲಿನ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಬೇಕು.

ಈ ಹಲಗೆ ಮುಂದೆ ಶಾಸನದ ಮಾತೇ ಆಯಿತು. ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ ಕಲಂ 41ಸಿ, 2010ರ ನವೆಂಬರ್ 1ರಿಂದ ಜಿಲ್ಲಾ ಕಂಟ್ರೋಲ್ ರೂಮಿನ ಹೊರಗೆ ಬಂಧಿತರ ಹೆಸರು, ವಿಳಾಸದ ಜೊತೆಗೆ ಬಂಧಿಸಿದ ಅಧಿಕಾರಿಯ ಹೆಸರನ್ನೂ ಹಾಕಬೇಕೆಂದಿತು. ಆದರೆ ತಿರುಮಣಿಯಂಥ ಗಡಿಯೂರಿನ ತಾಯಿ ಆ ಹಲಗೆ ನೋಡಲು ತುಮಕೂರಿಗೆ ಬರಬೇಕಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 37 ಹಲಗೆಯನ್ನು ಅವರ ಊರಿನ ಠಾಣೆಗೇ ತಂದಿದೆ. ಪ್ರತಿ ಜಿಲ್ಲೆಯಲ್ಲಿ, ಪ್ರತಿ ಠಾಣೆಯಲ್ಲಿ ಎಎಸ್ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ನಿಯೋಜಿತ ಅಧಿಕಾರಿ ಇರಬೇಕು. ಬಂಧಿತರ ಹೆಸರು, ವಿಳಾಸ, ಹೊರಿಸಿದ ಅಪರಾಧದ ಸ್ವರೂಪ, ಇಷ್ಟನ್ನೂ ಡಿಜಿಟಲ್ ರೂಪವೂ ಸೇರಿದಂತೆ ಎದ್ದುಕಾಣುವ ಹಾಗೆ ಪ್ರದರ್ಶಿಸಬೇಕು. ಮಿಡಿಗೇಶಿ, ಕೊಡಿಗೇನಹಳ್ಳಿ, ಬಡವನಹಳ್ಳಿ; ಕಳ್ಳಂಬೆಳ್ಳ, ಪಟ್ಟನಾಯಕನಹಳ್ಳಿ, ತಾವರೆಕೆರೆ; ಕೋಳಾಲ; ವೈ.ಎನ್. ಹೊಸಕೋಟೆ, ಅರಸೀಕೆರೆ, ತಿರುಮಣಿ. ಈ ಮಾತು ಇವುಗಳಲ್ಲಿ ಒಂದು ಠಾಣೆಯನ್ನೂ ಬಿಟ್ಟಿಲ್ಲ.

ಯಾವ ಕಾಗದ, ಯಾವ ಬಾಗಿಲು

ಒಂದು ದಸ್ತಗಿರಿ ಹಲವು ಕಡೆ ಗುರುತು ಬಿಡುತ್ತದೆ. ಯಾವುದು ಎಲ್ಲಿ ಸಿಗುತ್ತದೆಂದು ಗೊತ್ತಿದ್ದರೆ ಅಲೆದಾಟ ಅರ್ಧ ತಪ್ಪುತ್ತದೆ.

ಮೊದಲನೆಯದು ಅರೆಸ್ಟ್ ಮೆಮೊ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 36ರ ಪ್ರಕಾರ ಮನೆಯವರೊಬ್ಬರು ಅಥವಾ ಆ ಊರಿನ ಗೌರವಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು, ಬಂಧಿತನೂ ಹಾಕಬೇಕು. ಸಹಿ ಹಾಕುವವರಿಗೆ ನನ್ನ ಮಾತಿಷ್ಟೇ: ದಿನಾಂಕ ನೋಡಿ, ಗಂಟೆ ನೋಡಿ. ಹಿಂದಿನ ಸಂಜೆ ಕರೆದೊಯ್ದವನನ್ನು ಮರುದಿನ ಮಧ್ಯಾಹ್ನ ಹಿಡಿದದ್ದಾಗಿ ಬರೆದರೆ 24 ಗಂಟೆಯ ಲೆಕ್ಕವೇ ಸುಳ್ಳಾಗುತ್ತದೆ. ಬಂಧನದ ಸುದ್ದಿಯನ್ನು ಕಲಂ 48ರ ಪ್ರಕಾರ ಬಂಧಿತ ಹೇಳಿದ ನೆಂಟರಿಗೋ ಸ್ನೇಹಿತರಿಗೋ ತಿಳಿಸಬೇಕು. ಯಾರಿಗೆ ತಿಳಿಸಿದೆವು ಎಂಬುದನ್ನೂ ಠಾಣೆಯ ಪುಸ್ತಕದಲ್ಲಿ ಬರೆಯಬೇಕು.

ಎರಡನೆಯದು ಎಫ್‌ಐಆರ್. 2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದಾಖಲಾದ 24 ಗಂಟೆಯೊಳಗೆ ಎಫ್‌ಐಆರ್ ಪೊಲೀಸ್ ಜಾಲತಾಣದಲ್ಲಿ ಇರಬೇಕೆಂದಿತು. ಸಂಪರ್ಕದ ತೊಂದರೆಯಿದ್ದರೆ ಹೆಚ್ಚೆಂದರೆ 72 ಗಂಟೆ. ಕರ್ನಾಟಕ ಪೊಲೀಸ್ ಜಾಲತಾಣದಲ್ಲಿ ಜಿಲ್ಲೆ, ಠಾಣೆ, ಕ್ರೈಂ ನಂಬರ್, ವರ್ಷ ಕೊಟ್ಟು ಹುಡುಕಬಹುದು. ಅತ್ಯಾಚಾರ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳು ಅಲ್ಲಿ ಇರುವುದಿಲ್ಲ.

ಮೂರನೆಯದು ಕೋರ್ಟಿನ ಕಡತ. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದ ಮೇಲೆ ರಿಮ್ಯಾಂಡ್ ಆದೇಶ ಇರಲೇಬೇಕು. ಇ-ಕೋರ್ಟ್ಸ್ ಜಾಲತಾಣದಲ್ಲಿ ಠಾಣೆ ಮತ್ತು ಎಫ್‌ಐಆರ್ ಸಂಖ್ಯೆ ಕೊಟ್ಟರೆ ಪ್ರಕರಣದ ಸ್ಥಿತಿ, ಮುಂದಿನ ದಿನಾಂಕ ಗೊತ್ತಾಗುತ್ತದೆ. ಪ್ರಕರಣಕ್ಕೆ ಸಂಬಂಧಪಡದವರಿಗೆ ದೃಢೀಕೃತ ನಕಲು ಬೇಕಿದ್ದರೆ ಕಾರಣ ತಿಳಿಸಿ ಅರ್ಜಿ ಹಾಕಿ ನ್ಯಾಯಾಲಯದ ಅನುಮತಿ ಪಡೆಯಬೇಕು.

ನಾಲ್ಕನೆಯ ಬಾಗಿಲು 2005ರ ಮಾಹಿತಿ ಹಕ್ಕು. ನಮ್ಮ ರಾಜ್ಯದಲ್ಲಿ ನಮೂನೆ ‘ಎ’, 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದ ಮಿತಿ. ಸಾಮಾನ್ಯವಾಗಿ ಉತ್ತರಕ್ಕೆ 30 ದಿನ. ಆದರೆ ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ ಕಲಂ 7(1) ಕೊಡುವುದು 48 ಗಂಟೆ ಮಾತ್ರ. ಅರ್ಜಿಯ ಮೇಲ್ಭಾಗದಲ್ಲೇ ಈ ಕಲಂ ಬರೆಯಿರಿ. ‘ತನಿಖೆ ನಡೆಯುತ್ತಿದೆ, ಕೊಡಲಾಗದು’ ಎಂಬ ಹಿಂಬರಹ ಬಂದರೆ ಎದೆಗುಂದಬೇಡಿ. ತನಿಖೆ ಇದೆ ಎಂದಷ್ಟೇ ಹೇಳಿದರೆ ಸಾಲದು, ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟು 2007ರ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ತಪ್ಪು ಕಚೇರಿಗೆ ಹಾಕಿದ ಅರ್ಜಿಯನ್ನು 5 ದಿನದೊಳಗೆ ಸರಿಯಾದ ಕಚೇರಿಗೆ ಕಳಿಸುವುದು ಅವರದೇ ಹೊಣೆ.

ಯಾವ ಬಾಗಿಲೂ ತೆರೆಯದಿದ್ದರೆ ಬಂಧಿತನನ್ನು ಕೋರ್ಟಿನ ಮುಂದೆ ತರಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹೈಕೋರ್ಟಿನಲ್ಲಿ ಇದೆ. ಅಷ್ಟು ದೂರ ಹೋಗುವ ಮುಂಚೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, 15100ಕ್ಕೆ ಫೋನ್ ಮಾಡಿ. ಬಂಧನದಲ್ಲಿರುವವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರ ನೆರವು ಉಚಿತ.

ಗಡಿಯ ಮಾತು

ಪಾವಗಡದ ಸಂಕಟವೇ ಬೇರೆ. ಹೆಚ್ಚಿನ ದಿಕ್ಕುಗಳಲ್ಲಿ ಆಂಧ್ರದ ನೆಲ, ಮನೆಮಾತು ಬಹಳ ಕಡೆ ತೆಲುಗು. ಮಡಕಶಿರಾ, ಹಿಂದೂಪುರದ ಕಡೆಯ ಪೊಲೀಸರು ಬಂದು ಯಾರನ್ನಾದರೂ ಕರೆದೊಯ್ದರೆ ಎಫ್‌ಐಆರ್ ಇರುವುದು ಆಂಧ್ರ ಪೊಲೀಸರ ಜಾಲತಾಣದಲ್ಲಿ; ತುಮಕೂರು ಜಿಲ್ಲೆಯ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗದು. ಹೊರ ರಾಜ್ಯದ ಪೊಲೀಸರು ಸ್ಥಳೀಯ ಠಾಣೆಗೆ ತಿಳಿಸಿ ಹೋಗುವುದು ಕ್ರಮ. ಹಾಗಾಗಿ ಮೊದಲ ಪ್ರಶ್ನೆ ಇಲ್ಲಿನ ಠಾಣೆಯಲ್ಲೇ ಕೇಳಿ: “ಬಂದವರು ಯಾರು, ಯಾವ ಠಾಣೆಯವರು, ದಿನಚರಿಯಲ್ಲಿ ಬರೆದಿದೆಯಾ?”

ಇನ್ನು ಭಾಷೆ. 2025ರ ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಂಧನದ ಕಾರಣವನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರವಣಿಗೆಯಲ್ಲಿ ಕೊಡಬೇಕೆಂದಿತು. ಕೂಡಲೇ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮುಂಚೆ. ನಮ್ಮ ಗಡಿಭಾಗಕ್ಕೆಂದೇ ಬರೆದಂತಿದೆ ಈ ತೀರ್ಪು.

ಕಾಯುವುದಕ್ಕೆ, ಕಾಡುವುದಕ್ಕಲ್ಲ

ಈಗ ಎಚ್ಚರಿಕೆಯ ಮಾತು. ಬಂಧಿತ ಎಂದರೆ ಅಪರಾಧಿ ಅಲ್ಲ. ಅಮೆರಿಕದ ಹಲವೆಡೆ ಬಂಧಿತರ ಹೆಸರು, ಫೋಟೊ ಎರಡೂ ಸಾರ್ವಜನಿಕ ದಾಖಲೆ. ಆ ಫೋಟೊಗಳನ್ನು ಜಾಲತಾಣಗಳಿಗೆ ಎತ್ತಿ ಹಾಕಿ, ತೆಗೆಯಲು ದುಡ್ಡು ಕೇಳುವ ದಂಧೆಯೇ ಅಲ್ಲಿ ಬೆಳೆಯಿತು. ಅದನ್ನು ತಡೆಯಲು ಜಾರ್ಜಿಯಾ, ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಕಾನೂನು ತರಬೇಕಾಯಿತು. ನಮ್ಮಲ್ಲಿ ಆ ಕೆಲಸವನ್ನು ಊರಿನ ವಾಟ್ಸಾಪ್ ಗುಂಪುಗಳು ಪುಕ್ಕಟೆ ಮಾಡುತ್ತಿವೆ. ಖುಲಾಸೆಯಾಗಿ ಬಂದ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ, ಕೂಲಿಗೆ ಕರೆಯುವವರಿಲ್ಲ.

ಮಧುಗಿರಿಯೇ ಒಂದು ಪಾಠ ಕಂಡಿದೆ. ದೂರು ಕೊಡಲು ಬಂದ ಮಹಿಳೆಯೊಂದಿಗೆ ಕಚೇರಿಯಲ್ಲೇ ಅಸಭ್ಯವಾಗಿ ನಡೆದುಕೊಂಡ ಆರೋಪದ ಮೇಲೆ 2025ರ ಜನವರಿಯಲ್ಲಿ ಇಲ್ಲಿನ ಡಿವೈಎಸ್ಪಿಯೇ ಬಂಧನಕ್ಕೊಳಗಾದರು. ಆರೋಪದ ನಿಜ ಹೇಳಬೇಕಾದದ್ದು ನ್ಯಾಯಾಲಯ. ಬಂಧನ ಗುಟ್ಟಾಗಿ ಉಳಿಯಲಿಲ್ಲ, ಅದು ಸರಿ. ಆದರೆ ಆ ಘಟನೆಯ ವಿಡಿಯೊ ಊರೂರಿನ ಫೋನುಗಳಲ್ಲಿ ಹರಿದಾಡಿತಲ್ಲ, ಅದು ನಮ್ಮೆಲ್ಲರ ತಪ್ಪು. ಅತ್ಯಾಚಾರ ಮತ್ತು ಅಂಥ ಅಪರಾಧಗಳಲ್ಲಿ ನೊಂದ ಹೆಣ್ಣಿನ ಗುರುತು ಬಿಟ್ಟುಕೊಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 72ರಲ್ಲಿ ಅಪರಾಧ. 18 ತುಂಬದವರ ಗುರುತನ್ನು ಬಾಲನ್ಯಾಯ ಕಾಯ್ದೆಯ ಕಲಂ 74 ಕಾಪಾಡುತ್ತದೆ, ಆ ಮಗು ಆರೋಪಿಯೇ ಆಗಿದ್ದರೂ.

ಹಲಗೆಯ ಮೇಲೆ ಹೆಸರು ಬರೆಯುವುದು ಆ ಮನುಷ್ಯನನ್ನು ಕಾಯುವುದಕ್ಕೆ, ಕಾಡುವುದಕ್ಕಲ್ಲ. ಹಲಗೆಯನ್ನು ನೋಡುವ ನಾವು ಪ್ರಶ್ನೆ ಕೇಳಬೇಕಾದದ್ದು ಹಿಡಿದ ಕೈಯನ್ನು. ಇದರಿಂದ ಪ್ರಾಮಾಣಿಕ ಪೊಲೀಸರಿಗೂ ರಕ್ಷಣೆಯಿದೆ. ಗಂಟೆ, ಸಹಿ, ವೈದ್ಯರ ತಪಾಸಣೆ ಸರಿಯಾಗಿದ್ದರೆ ಅವರ ಮೇಲೆ ಸುಳ್ಳು ಹೊರಿಸುವುದು ಸುಲಭವಲ್ಲ.

ವಿದ್ಯಾರ್ಥಿಗಳೇ, ನಿಮಗೆ ನನ್ನದೊಂದು ಕೋರಿಕೆ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಠಾಣೆಯ ಗೋಡೆ ನೋಡಿ ಬನ್ನಿ. ಹಲಗೆ ಇದೆಯೇ, ಇವತ್ತಿನ ದಿನಾಂಕ ಇದೆಯೇ, ನಿಯೋಜಿತ ಅಧಿಕಾರಿ ಯಾರು, ವಿನಯದಿಂದ ಕೇಳಿ. ಇಲ್ಲದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರಿಗೆ ಒಂದು ಪತ್ರ ಬರೆಯಿರಿ. ಒಂದು ಪತ್ರದಿಂದ ಏನಾಗುತ್ತದೆ ಎನ್ನಬೇಡಿ; ಬಸು ಅವರು ಬರೆದದ್ದೂ ಒಂದು ಪತ್ರವೇ. ಓದು ಬಾರದ ತಾಯಿ ಮರದ ಕೆಳಗೆ ಕೂತಿದ್ದರೆ ಹಲಗೆಯ ಮೇಲಿರುವುದನ್ನು ಆಕೆಗೆ ಓದಿ ಹೇಳಿ. ಮುದ್ದೆ ಬಿಸಿ ಇರುವಾಗಲೇ ಅದು ಮಗನ ಕೈ ಸೇರಲಿ.