ಮನಶ್ಶಾಸ್ತ್ರ ಓದುವ ನಮ್ಮ ಮಕ್ಕಳು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಮಗೂ ಮನಶ್ಶಾಸ್ತ್ರಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವುಂಟು. ಬಿ.ಕಾಂ. ಓದುವಾಗ ನಾವು ಬಾಯಿಪಾಠ ಮಾಡಿದ ಶ್ರೇಣಿ ಸಹಸಂಬಂಧದ ಸೂತ್ರವನ್ನು ಕೊಟ್ಟ ಸ್ಪಿಯರ್‌ಮನ್ ವಾಣಿಜ್ಯದ ಪಂಡಿತನಲ್ಲ, ಲಂಡನ್ನಿನ ಮನಶ್ಶಾಸ್ತ್ರಜ್ಞ. ಆತನ ಬಳಿ ಕಲಿತು ಬಂದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 1924ರಲ್ಲಿ ಆರಂಭವಾದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು. ಕಲ್ಕತ್ತೆಯಲ್ಲಿ ಭಾರತದ ಮೊದಲ ವಿಭಾಗ ತೆರೆದುದು 1916ರಲ್ಲಿ. ಅದಾದ ಎಂಟೇ ವರ್ಷಕ್ಕೆ ನಮ್ಮ ಮೈಸೂರು ಈ ವಿದ್ಯೆಗೆ ಮಣೆ ಹಾಕಿತು. 1935ರಲ್ಲಿ ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ನಡೆಸಿದವರೂ ಇದೇ ಗೋಪಾಲಸ್ವಾಮಿಯವರು. ಆದುದರಿಂದ ಇದು ಪರದೇಶದ ಶೋಕಿಯ ವಿದ್ಯೆಯೆಂದು ನಾವು ತಳ್ಳುವ ಹಾಗಿಲ್ಲ.

ಆದರೂ ನಮ್ಮ ಮನೆಗಳಲ್ಲಿ ನಡೆಯುವುದೇನು? ಹನ್ನೆರಡನೆಯ ತರಗತಿ ಮುಗಿಸಿದ ಮಗಳು “ಅಪ್ಪಾ, ನಾನು ಸೈಕಾಲಜಿ ತೊಗೋತೀನಿ” ಎಂದೊಡನೆ ತಂದೆಯ ಮುಖ ಸಣ್ಣದಾಗುತ್ತದೆ. ಹುಚ್ಚರ ಸಹವಾಸದ ವಿದ್ಯೆಯಿಂದ ಅನ್ನ ಹುಟ್ಟೀತೆ ಎಂಬ ಚಿಂತೆ ಅವರದು. ನಾಳೆ ಗಂಡಿನ ಕಡೆಯವರು ಏನೆಂದಾರೋ ಎಂಬ ಅಳುಕು ತಾಯಿಯದು. ಸಂಬಳದಲ್ಲಿ ಸಂಸಾರ ತೂಗಿಸುವ ನಾವು ಖರ್ಚಿನ ಲೆಕ್ಕ ಕೇಳುವುದು ತಪ್ಪಲ್ಲ. ಆ ಲೆಕ್ಕವನ್ನೇ ಇಂದು ನೋಡೋಣ.

ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಎಂಬ ಏರ್ಪಾಡು ಇದೆ. ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಪಟ್ಟಣದಲ್ಲಿ 1901ರಲ್ಲಿ ಆರು ಮಂದಿ ವಿದ್ಯಾರ್ಥಿಗಳಿಂದ ಇಂತಹ ಸಾರ್ವಜನಿಕ ಕಾಲೇಜು ಮೊದಲಾಯಿತು. ಊರಿನವರಿಗಾಗಿ ಊರಿನಲ್ಲೇ ಇರುವ, ಶುಲ್ಕ ಕಡಿಮೆಯಾದ, ಬಾಗಿಲಲ್ಲಿ ಅಂಕಪಟ್ಟಿ ಹಿಡಿದು ತಡೆಯದ ಕಾಲೇಜು ಅದು. ಕೆಲಸಕ್ಕೆ ಹೋಗುವವರು, ಮಕ್ಕಳ ತಾಯಂದಿರು ಸಂಜೆ ಬಂದು ಓದುತ್ತಾರೆ. ಎರಡು ವರ್ಷದ ಪಾಠ ಮುಗಿಸಿ, ಗಳಿಸಿದ ಕ್ರೆಡಿಟ್‌ಗಳೊಡನೆ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಬಹುದು. ಆದರೆ ಯಾವ ಕ್ರೆಡಿಟ್ ಎಲ್ಲಿ ನಡೆಯುತ್ತದೆಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಎಲ್ಲವೂ ಎಲ್ಲ ಕಡೆ ಸಲ್ಲುವುದಿಲ್ಲ. ಅಲ್ಲಿರುವ ನಮ್ಮ ಬಂಧುಗಳ ಮಕ್ಕಳಿಗೆ ಈ ಮಾತು ಉಪಯೋಗವಾದೀತು.

ಮುಂಬಯಿ ಕನ್ನಡಿಗರಿಗೆ ಇಂತಹ ಬಾಗಿಲು ಹೊಸದಲ್ಲ. ಹಗಲು ಹೋಟೆಲುಗಳಲ್ಲಿ ಲೋಟ ತೊಳೆದ ನಮ್ಮ ಹುಡುಗರು ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದರು. ದುಡಿಯುವವರೂ ಓದಲೆಂದು ಡಾ. ಅಂಬೇಡ್ಕರರು 1946ರಲ್ಲಿ ಇದೇ ನಗರದಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆಯಿಸಿದರು. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ 2025ರವರೆಗೆ ಮನೆಯಲ್ಲಿದ್ದುಕೊಂಡೇ ಮನಶ್ಶಾಸ್ತ್ರ ಓದಲು ಸೇರಬಹುದಾಗಿತ್ತು. ಮನೆ ಮಾರಿ ಓದಿಸಬೇಕಾದ ವಿದ್ಯೆ ಇದಲ್ಲ.

ಹಾಗೆಂದು ಇದು ಹಗುರವಾದ ಓದೂ ಅಲ್ಲ. ಮಿದುಳು, ಇಂದ್ರಿಯ, ಕಲಿಕೆ, ನೆನಪು, ಬಾಲ್ಯ, ವ್ಯಕ್ತಿತ್ವ, ಮನೋರೋಗ — ಇಷ್ಟೂ ಮೊದಲ ಪಾಠಗಳಲ್ಲಿಯೇ ಬರುತ್ತವೆ. ಬಳಿಕ ಸಂಖ್ಯಾಶಾಸ್ತ್ರ, ಪ್ರಯೋಗ. ಎದುರಿಗಿದ್ದವರ ಮನಸ್ಸು ಓದುವ ಮಂತ್ರವನ್ನು ಯಾರೂ ಹೇಳಿಕೊಡುವುದಿಲ್ಲ. ಇನ್ನೊಂದು ಮಾತು: ಬರಿಯ ಬಿ.ಎ. ಆದವರು ಚಿಕಿತ್ಸೆಗೆ ಕೂಡುವಂತಿಲ್ಲ. ನಮ್ಮ ದೇಶದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಿ ಕೆಲಸ ಮಾಡಲು ಮೇಲಿನ ತರಬೇತಿಯೂ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಬೇಕು. ಈ ದಾರಿ ಉದ್ದವಾದುದೆಂದು ಮಕ್ಕಳಿಗೆ ಮೊದಲೇ ತಿಳಿಸುವುದು ನ್ಯಾಯ.

ಇಷ್ಟು ದೂರ ನಡೆದು ಬರುವ ಲಾಭವೇನು? ನವೆಂಬರ್ ಬಂತೆಂದರೆ ಜೀವಂತ ಪ್ರಮಾಣಪತ್ರ ಹಿಡಿದು ಪಿಂಚಣಿದಾರರು ಬ್ಯಾಂಕಿಗೆ ಬರುತ್ತಾರೆ. ಜಂಟಿ ಖಾತೆಯಿಂದ ಹೆಂಡತಿಯ ಹೆಸರು ತೆಗೆಸಲು ಬಂದ ವೃದ್ಧರು ರುಜು ಹಾಕಿದ ಮೇಲೂ ಕೌಂಟರು ಬಿಟ್ಟು ಕದಲುವುದಿಲ್ಲ. ಕನ್ನಡದವರೆಂದು ತಿಳಿದರಂತೂ ಹತ್ತು ಮಾತು ಹೆಚ್ಚಾಗಿ ಆಡುತ್ತಾರೆ. ಮಗನೊಡನೆ ಇರಲು ಧಾರವಾಡದಿಂದಲೋ ಕುಂದಾಪುರದಿಂದಲೋ ಬಂದ ತಾಯಿಗೆ ನೆರೆಯ ಭಾಷೆ ಬಾರದು. ಮೊಮ್ಮಕ್ಕಳಿಗೆ ಅವಳ ಭಾಷೆ ಬಾರದು. “ಜೀವಕ್ಕೆ ಸಮಾಧಾನವಿಲ್ಲ”, “ಹೊಟ್ಟೆಯಲ್ಲಿ ಸಂಕಟ” ಎಂದು ಅವಳು ಅಂದರೆ ಹೊಟ್ಟೆಗೆ ಮಾತ್ರೆ ಕೊಡಿಸುತ್ತೇವೆ. ಅದು ಅಜೀರ್ಣವೋ ದುಃಖವೋ ಎಂದು ತಿಳಿಯಬೇಕಾದರೆ ಮನಶ್ಶಾಸ್ತ್ರವೂ ಬೇಕು, ಕನ್ನಡವೂ ಬೇಕು. ಎರಡೂ ಬಲ್ಲವರು ನಮ್ಮ ಮಕ್ಕಳಲ್ಲದೆ ಮತ್ತಾರು?

ಇದಕ್ಕೆ ಕನ್ನಡದಲ್ಲಿ ಮಾತಿಲ್ಲವೆಂಬ ನೆವವೂ ನಡೆಯದು. ‘ಕೊರವಂಜಿ’ಯಲ್ಲಿ ನಮ್ಮನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಬರೆದ ‘ಮನಮಂಥನ’ಕ್ಕೆ 1976ರಲ್ಲಿಯೇ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿದೆ.

ನಮ್ಮ ಬಿನ್ನಹ ಮೂರು. ಸಂಘದ ವಿದ್ಯಾರ್ಥಿವೇತನದಲ್ಲಿ ಒಂದನ್ನು ಮನಶ್ಶಾಸ್ತ್ರ ಓದುವವರಿಗೆ ಮೀಸಲಿಡೋಣ. ಅಂಥ ಮಕ್ಕಳು ಭಾನುವಾರ ನಮ್ಮ ವಾಚನಾಲಯದಲ್ಲಿ ಹಿರಿಯರೊಡನೆ ಕುಳಿತು ಕನ್ನಡದಲ್ಲಿ ಮಾತಾಡಲಿ. ಚಿಕಿತ್ಸೆಯೆಂದಲ್ಲ, ಕೇಳುವ ಅಭ್ಯಾಸಕ್ಕೆ. ಮೂರನೆಯದಾಗಿ, 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ದೂರವಾಣಿಯ 14416 ಎಂಬ ಸಂಖ್ಯೆಯನ್ನು ಫಲಕದ ಮೇಲೆ ದೊಡ್ಡದಾಗಿ ಬರೆಯಿಸೋಣ. ಅಲ್ಲಿ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ.

ಮಗಳು ಮತ್ತೊಮ್ಮೆ ಕೇಳಿದಾಗ ಮುಖ ಸಣ್ಣದು ಮಾಡದೆ, ಎಲ್ಲಿ ಓದುತ್ತೀಯಮ್ಮಾ ಎಂದು ಕೇಳೋಣ. ಜೊತೆಗೆ, ಅಜ್ಜಿಯೊಡನೆ ಕನ್ನಡ ಬಿಡಬೇಡ ಎಂದೂ ಹೇಳೋಣ.